ಏಗಲು ಕಷ್ಟವಾದವರೊಂದಿಗೆ ಕೃಪೆಯಿಂದ ನಡೆದುಕೊಳ್ಳುವುದು: ನಂಬಿಕೆ ಇಲ್ಲಿ ಮಾಡುವ ಕೆಲಸವೇನು?

ಗಾಯನವೃಂದದ ಸದಸ್ಯೆ (ಚರ್ಚೆ ಆರಂಭಿಸಿದವರು)

ಆತ್ಮೀಯರೇ, ಬಹಳ ದಿನ ಹಿಂದೆಮುಂದೆ ನೋಡಿ ಈ ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ನಮ್ಮ ಸಭೆಯ ಗಾಯನವೃಂದದಲ್ಲಿ ಹಿರಿಯರೊಬ್ಬರಿದ್ದಾರೆ. ಹಾಡಿನ ವಿಷಯದಲ್ಲಿ ಅವರಿಗಿರುವ ತಿಳಿವಳಿಕೆ ನಮ್ಮಲ್ಲಿ ಬೇರೆ ಯಾರಿಗೂ ಇಲ್ಲವೆಂಬುದು ನಿಜ. ಆದರೆ ಅಭ್ಯಾಸ ಮುಗಿದು ಹೊರಡುವ ಹೊತ್ತಿಗೆ ಅವರ ಮಾತಿನಿಂದ ಮುಖ ಬಾಡದವರು ಒಬ್ಬರೂ ಉಳಿದಿರುವುದಿಲ್ಲ. ಶ್ರುತಿ ತಪ್ಪಿದರೆ ಗದರುತ್ತಾರೆ, ತಪ್ಪದಿದ್ದರೆ ಉಚ್ಚಾರಣೆಯಲ್ಲಿ ದೋಷ ಹುಡುಕುತ್ತಾರೆ, ಅದೂ ಸಿಗದಿದ್ದರೆ ಕಳೆದ ವರ್ಷದ ತಪ್ಪನ್ನು ನೆನಪಿಸುತ್ತಾರೆ. ಎರಡು ವರ್ಷಗಳ ಹಿಂದೆ ಎಲ್ಲರೆದುರು ಅವರು ನನಗೆ ಆಡಿದ ಒಂದು ಮಾತು ಇಂದಿಗೂ ನನ್ನೊಳಗೆ ಮುರಿದ ಮುಳ್ಳಿನಂತೆ ಉಳಿದುಕೊಂಡಿದೆ.

ನಾನು ಪ್ರಯತ್ನಿಸಿಲ್ಲವೆಂದಲ್ಲ. ಎದುರು ಮಾತಾಡದೆ ಸುಮ್ಮನಿದ್ದೆ. ಅವರಿಗೆ ಯಾವುದೋ ದೊಡ್ಡ ನೋವಿರಬಹುದು, ಅದಕ್ಕೇ ಹೀಗಾಡುತ್ತಾರೆ ಎಂದು ಊಹಿಸಿಕೊಂಡು ಕನಿಕರ ಹುಟ್ಟಿಸಿಕೊಳ್ಳಲು ನೋಡಿದೆ. ಅವರಿಗಾಗಿ ಪ್ರಾರ್ಥಿಸಿದೆ. ನನ್ನನ್ನು ಈ ಬರಹಕ್ಕೆ ಕೂರಿಸಿದ್ದು ಆ ಪ್ರಾರ್ಥನೆಯೇ. ಒಂದು ಸಂಜೆ ಮೊಣಕಾಲೂರಿದ್ದಾಗ ನಾನು ಮಾಡುತ್ತಿರುವುದು ಪ್ರಾರ್ಥನೆಯಲ್ಲ, ದೇವರ ಮುಂದೆ ವಕಾಲತ್ತು ಎಂಬುದು ಥಟ್ಟನೆ ಹೊಳೆಯಿತು. ಯಾವ ತಿಂಗಳು ಏನಂದರು, ಆಗ ಯಾರು ಸಾಕ್ಷಿಯಿದ್ದರು, ನಾನು ಎಷ್ಟು ತಾಳಿಕೊಂಡೆ ಎಂಬುದನ್ನೆಲ್ಲ ಕ್ರಮವಾಗಿ ವಿವರಿಸಿ, ಕೊನೆಯಲ್ಲಿ "ಅವರನ್ನು ಆಶೀರ್ವದಿಸು" ಎಂದು ಸೇರಿಸುತ್ತಿದ್ದೆ.

ನನ್ನ ಪ್ರಶ್ನೆ ಇಷ್ಟೇ. ಇಂಥವರ ವಿಷಯದಲ್ಲಿ ಕ್ರಿಸ್ತನಲ್ಲಿರುವ ನಂಬಿಕೆ ನಿಜವಾಗಿ ಏನನ್ನಾದರೂ ಬದಲಿಸುತ್ತದೆಯೇ, ಅಥವಾ ಸಭ್ಯತೆಗೆ ನಾವು ಇಟ್ಟುಕೊಂಡ ಭಕ್ತಿಯ ಹೆಸರೇ ಕೃಪೆಯೇ? ಸಮಾಧಾನದ ಮಾತು ಬೇಡ. ನಿಮ್ಮ ಬದುಕಿನಲ್ಲಿ ನಡೆದದ್ದನ್ನೂ, ವಾಕ್ಯದಲ್ಲಿ ನೀವು ಕಂಡದ್ದನ್ನೂ ಬರೆಯಬೇಕೆಂದು ಕೋರುತ್ತೇನೆ.

ನಿವೃತ್ತ ಲೆಕ್ಕಪರಿಶೋಧಕ

ಸಹೋದರಿ, ನಿಮ್ಮ "ವಕಾಲತ್ತು" ಎಂಬ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಜೀವನವಿಡೀ ಇತರರ ಖಾತೆ ಪುಸ್ತಕಗಳನ್ನು ತಿರುವಿಹಾಕಿದ ನಾನು ಮನಸ್ಸಿನೊಳಗೂ ಅಂಥದೇ ಒಂದು ಪುಸ್ತಕವನ್ನು ಬಹಳ ಅಚ್ಚುಕಟ್ಟಾಗಿ ಇಟ್ಟುಕೊಂಡಿದ್ದವನು. ಆದ್ದರಿಂದ ಲೆಕ್ಕದ ಭಾಷೆಯಲ್ಲೇ ಬರೆಯುತ್ತೇನೆ.

ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಪೇತ್ರನು ಎಷ್ಟು ಸಾರಿ ಕ್ಷಮಿಸಬೇಕೆಂದು ಕೇಳಿ, ಏಳು ಸಾರಿಯೋ ಎಂದು ಉತ್ತರವನ್ನೂ ತಾನೇ ಸೂಚಿಸುತ್ತಾನೆ. ಯೇಸು ಏಳೆಪ್ಪತ್ತು ಸಾರಿ ಎನ್ನುತ್ತಾನೆ. ಈ ಸಂಖ್ಯೆ ಎಲ್ಲಿಂದ ಬಂತೆಂಬುದನ್ನು ಗಮನಿಸಬೇಕು. ಆದಿಕಾಂಡದ 4ನೇ ಅಧ್ಯಾಯದಲ್ಲಿ ಕಾಯಿನನ ವಂಶದ ಲೆಮೆಕನು, ತನ್ನನ್ನು ಗಾಯಗೊಳಿಸಿದ ಒಬ್ಬನನ್ನು ಕೊಂದೆನೆಂದು ಹೆಂಡತಿಯರ ಮುಂದೆ ಕೊಚ್ಚಿಕೊಳ್ಳುತ್ತ, ಕಾಯಿನನಿಗಾಗಿ ಏಳರಷ್ಟು ಪ್ರತೀಕಾರವಾದರೆ ತನಗಾಗಿ ಇದರಷ್ಟು ಎಂದು ಒಂದು ಸಂಖ್ಯೆ ಹೇಳುತ್ತಾನೆ. ಹಳೆಯ ಗ್ರೀಕ್ ಅನುವಾದದಲ್ಲಿ ಅಲ್ಲಿರುವ ಪದಗಳೇ ಮತ್ತಾಯನಲ್ಲಿ ಯೇಸುವಿನ ಬಾಯಲ್ಲಿ ಬರುತ್ತವೆ. ಸೇಡಿಗೆ ಇದ್ದ ಲೆಕ್ಕವನ್ನು ಕ್ಷಮೆಗೆ ತಿರುಗಿಸಿದ್ದಾನೆ ಎಂದು ನಾನು ಓದುತ್ತೇನೆ.

ಅದರ ಬೆನ್ನಿಗೇ ಬರುವ ಸಾಮ್ಯದಲ್ಲಿ ಒಬ್ಬ ಸೇವಕನು ಅರಸನಿಗೆ ಹತ್ತು ಸಾವಿರ ತಲಾಂತು ಸಾಲಗಾರ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಒಂದು ದಿನಾರಿ ಕೂಲಿಯವನ ಒಂದು ದಿನದ ಸಂಬಳ. ಎಂದರೆ 6 ಕೋಟಿ ದಿನಗಳ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು 2 ಲಕ್ಷ ವರ್ಷ ಬೇಕು. ಹೆರೋದ ಅಂತಿಪನಿಗೆ ಗಲಿಲಾಯ ಮತ್ತು ಪೆರಿಯ ಸೀಮೆಗಳಿಂದ ವರ್ಷಕ್ಕೆ 200 ತಲಾಂತು ಆದಾಯ ಬರುತ್ತಿತ್ತೆಂದು ಇತಿಹಾಸಕಾರ ಯೋಸೇಫಸ್ ದಾಖಲಿಸಿದ್ದಾನೆ. ಈ ಸೇವಕನ ಸಾಲ ಅಂಥ ಸೀಮೆಯ 50 ವರ್ಷಗಳ ಆದಾಯಕ್ಕೆ ಸಮ. ಕೇಳುತ್ತಿದ್ದವರು ನಕ್ಕಿರಲೂ ಸಾಕು.

ಉಪದೇಶಗಳಲ್ಲಿ ಇಷ್ಟು ಹೇಳಿ, ಅವನಿಗೆ ಜೊತೆ ಸೇವಕನು ಕೊಡಬೇಕಾಗಿದ್ದ ನೂರು ದಿನಾರಿಯನ್ನು ಚಿಲ್ಲರೆ ಹಣವೆಂದು ತಳ್ಳಿಹಾಕುವುದನ್ನು ನಾನು ಅನೇಕ ಬಾರಿ ಕೇಳಿದ್ದೇನೆ. ಒಬ್ಬ ಲೆಕ್ಕಿಗನಾಗಿ ಅದನ್ನು ಒಪ್ಪಲಾರೆ. ನೂರು ದಿನಾರಿ ಎಂದರೆ ಮೂರು ತಿಂಗಳಿಗೂ ಮಿಕ್ಕ ದುಡಿಮೆ. ಮೂರು ತಿಂಗಳ ಸಂಬಳ ಕೈಬಿಟ್ಟರೆ ಯಾವ ಮನೆಯಾದರೂ ಅಲ್ಲಾಡುತ್ತದೆ. ಯೇಸು ಆ ಮೊತ್ತವನ್ನು ಸೊನ್ನೆ ಮಾಡಲಿಲ್ಲ. ನಿಮಗೆ ಆದ ನೋವು ನಿಜವಾದ ನೋವು, ಅದಕ್ಕೆ ಒಂದು ಮೊತ್ತವಿದೆ ಎಂದು ಒಪ್ಪಿಕೊಂಡೇ ಅವನು ಮಾತಾಡುತ್ತಾನೆ. "ಪರವಾಗಿಲ್ಲ ಬಿಡಿ, ಏನೂ ಆಗಿಲ್ಲ" ಎನ್ನುವುದು ಕ್ಷಮೆಯಲ್ಲ, ತಪ್ಪು ಲೆಕ್ಕ.

ಇನ್ನೊಂದು ಸೂಕ್ಷ್ಮವಿದೆ. ಆ ಸೇವಕನು ಅರಸನಲ್ಲಿ ಕೇಳಿದ್ದು ಸಾಲ ಮನ್ನಾ ಅಲ್ಲ, ಕಾಲಾವಕಾಶ. ತಾಳಿಕೋ, ಎಲ್ಲವನ್ನೂ ತೀರಿಸುತ್ತೇನೆ ಎಂದ. ಅರಸನು ಕೊಟ್ಟದ್ದು ಬಿಡುಗಡೆ. ಆದರೆ ಹೊರಗೆ ಬಂದೊಡನೆ ಆ ನೂರು ದಿನಾರಿಗಾಗಿ ಜೊತೆ ಸೇವಕನ ಕುತ್ತಿಗೆ ಹಿಡಿದವನ ನಡತೆ ನೋಡಿದರೆ ಅವನು ಇನ್ನೂ ತೀರಿಸುವ ಲೆಕ್ಕದಲ್ಲೇ ಇದ್ದಂತೆ ನನಗೆ ತೋರುತ್ತದೆ. ಹಣ ಕೂಡಿಸಬೇಕೆಂಬ ಆತುರವಿರುವವನಷ್ಟೇ ಎದುರಿಗೆ ಸಿಕ್ಕವನ ಕುತ್ತಿಗೆ ಹಿಡಿಯುತ್ತಾನೆ. ಇದು ನನ್ನ ಓದು, ತಪ್ಪಿದ್ದರೆ ತಿದ್ದಿ. ಆದರೆ ನನ್ನ ಬದುಕಿನಲ್ಲಿ ಇದು ಸತ್ಯವಾಗಿತ್ತು. ದೇವರಿಗೆ ನಾನೇ ಒಳ್ಳೆಯತನದ ಕಂತು ಕಟ್ಟುತ್ತಿದ್ದೇನೆಂದು ಭಾವಿಸಿದ್ದಷ್ಟು ಕಾಲ, ಕಂತು ಕಟ್ಟದೆ ಓಡಾಡುವವರನ್ನು ಕಂಡರೆ ನನಗೆ ಸಹಿಸಲಾಗುತ್ತಿರಲಿಲ್ಲ.

ನಂಬದ ಓದುಗ

ನಾನು ಕ್ರೈಸ್ತನಲ್ಲ, ದೇವರನ್ನು ನಂಬುವವನೂ ಅಲ್ಲ. ಇಲ್ಲಿನ ಚರ್ಚೆಗಳನ್ನು ಓದುವ ಅಭ್ಯಾಸದಿಂದ ಬರೆಯುತ್ತಿದ್ದೇನೆ. ಲೆಕ್ಕಪರಿಶೋಧಕರ ವಿವರಣೆ ಸೊಗಸಾಗಿದೆ, ಆದರೆ ಮೂಲ ಪ್ರಶ್ನೆ ಹಾಗೆಯೇ ಉಳಿದಿದೆ. ನನ್ನ ತಾಯಿ ಯಾವ ಶಾಸ್ತ್ರದ ಆಧಾರವೂ ಇಲ್ಲದೆ, ಮಾತುಮಾತಿಗೆ ಚುಚ್ಚುತ್ತಿದ್ದ ಅತ್ತೆಯೊಬ್ಬರನ್ನು ಕೊನೆಯ ದಿನದವರೆಗೂ ಆದರದಿಂದ ನೋಡಿಕೊಂಡರು. ವ್ಯತಿರಿಕ್ತವಾಗಿ, ಪ್ರತಿ ವಾರ ತಪ್ಪದೆ ಆರಾಧನೆಗೆ ಹೋಗುವ ನನ್ನ ಪರಿಚಿತರಿಬ್ಬರು ಒಬ್ಬರ ಮುಖವನ್ನೊಬ್ಬರು ನೋಡದೆ ವರ್ಷಗಳಾದವು. ಹಾಗಿರುವಾಗ ನಂಬಿಕೆ ಇಲ್ಲಿ ಹೆಚ್ಚಿಗೆ ಏನನ್ನು ಕೊಟ್ಟಿತು? ಸಹನೆ ಕೆಲವರಿಗೆ ಸ್ವಭಾವದಲ್ಲೇ ಬಂದಿರುತ್ತದೆ, ಕೆಲವರಿಗೆ ಇರುವುದಿಲ್ಲ ಎನ್ನುವುದೇ ಸರಳವಾದ ವಿವರಣೆಯಲ್ಲವೇ?

ಒಬ್ಬ ಸಭಾಪಾಲಕ

ಸಹೋದರರೇ, ನಿಮ್ಮ ತಾಯಿಯವರ ವಿಷಯ ಓದಿ ಸಂತೋಷವಾಯಿತು. ನಂಬಿಕೆಯವರಿಗಷ್ಟೇ ಸಹನೆ ಸಾಧ್ಯವೆಂದು ವಾಕ್ಯವೂ ಹೇಳುವುದಿಲ್ಲ. ನಮ್ಮನ್ನು ಪ್ರೀತಿಸುವವರನ್ನು ಪ್ರೀತಿಸುವುದು ಎಲ್ಲರೂ ಮಾಡುವ ಕೆಲಸವೆಂದು ಯೇಸುವೇ ಒಪ್ಪಿಕೊಂಡಿದ್ದಾನೆ. ನಿಮ್ಮ ತಾಯಿ ಅದಕ್ಕಿಂತ ಮುಂದೆ ಹೋದವರು. ಸೂರ್ಯನು ಕೆಟ್ಟವರ ಮೇಲೂ ಒಳ್ಳೆಯವರ ಮೇಲೂ ಮೂಡುತ್ತಾನೆಂಬ ಅವನ ಮಾತಿನ ಬೆಳಕಿನಲ್ಲಿ, ಅವರ ಆ ಸಹನೆಯೂ ದೇವರ ಕೊಡುಗೆಯೇ ಎಂದು ನಾನು ನಂಬುತ್ತೇನೆ. ನೀವು ಒಪ್ಪಬೇಕೆಂದಿಲ್ಲ.

ಆದರೆ ಸ್ವಭಾವದಲ್ಲಿ ಸಹನೆ ಇಲ್ಲದವರ ಗತಿಯೇನು? ನನ್ನನ್ನು ಆ ಪಟ್ಟಿಗೆ ಸೇರಿಸಿಕೊಂಡೇ ಕೇಳುತ್ತಿದ್ದೇನೆ. ಅಪೊಸ್ತಲ ಪೌಲನು ಹುಟ್ಟು ಸಾತ್ವಿಕನಾಗಿದ್ದನೆಂದು ಅವನ ಪತ್ರಗಳನ್ನು ಓದಿದ ಯಾರೂ ಹೇಳಲಾರರು. ಅಪೊಸ್ತಲರ ಕೃತ್ಯಗಳ 15ನೇ ಅಧ್ಯಾಯದ ಕೊನೆಯಲ್ಲಿ ಅವನಿಗೂ ಬಾರ್ನಬನಿಗೂ ಮಾರ್ಕನ ವಿಷಯದಲ್ಲಿ ತೀಕ್ಷ್ಣವಾದ ವಾಗ್ವಾದ ನಡೆಯಿತು. ಮೊದಲ ಪ್ರಯಾಣದಲ್ಲಿ ನಡುದಾರಿಯಲ್ಲೇ ಬಿಟ್ಟುಹೋದವನನ್ನು ಮತ್ತೆ ಕರೆದೊಯ್ಯಲು ಪೌಲ ಒಪ್ಪಲಿಲ್ಲ, ಬಾರ್ನಬ ಬಿಡಲಿಲ್ಲ, ಇಬ್ಬರೂ ಬೇರೆಬೇರೆಯಾಗಿ ಹೊರಟುಹೋದರು. ಆ ಪುಸ್ತಕ ಬರೆದ ಲೂಕನು ಆ ಜಗಳಕ್ಕೆ ಬಳಸಿದ ಗ್ರೀಕ್ ಪದ "ಪರೊಕ್ಸಿಸ್ಮೊಸ್". ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯದಲ್ಲಿ, ಪ್ರೀತಿಯು ಸಿಟ್ಟಿಗೇಳುವುದಿಲ್ಲ ಎಂದು ಪೌಲ ಹೇಳುವಾಗ ಬಳಸಿದ್ದು ಅದೇ ಧಾತುವಿನ ಕ್ರಿಯಾಪದ. ಮದುವೆಗಳಲ್ಲಿ ಓದುವ ಆ ಅಧ್ಯಾಯವನ್ನು ಬರೆದವನು ಸ್ವತಃ ಒಬ್ಬ ಮಿತ್ರನೊಡನೆ ಹಾಗೆ ಸಿಡಿದವನು ಎಂಬುದನ್ನು ನೆನಪಿಟ್ಟು ಓದಿದರೆ ಅದರ ರುಚಿಯೇ ಬೇರೆಯಾಗುತ್ತದೆ.

ಅದೇ ವಾಕ್ಯದ ಮುಂದಿನ ಮಾತು ಲೆಕ್ಕಪರಿಶೋಧಕರಿಗೆ ಇಷ್ಟವಾಗಬಹುದು. ಪ್ರೀತಿಯು ಅಪಕಾರವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದಿಲ್ಲ ಎನ್ನುವಲ್ಲಿ ಮೂಲದಲ್ಲಿರುವುದು "ಲೊಗಿಜೊಮಾಯ್", ಎಂದರೆ ಎಣಿಸು, ಲೆಕ್ಕಕ್ಕೆ ಹಿಡಿ. ಇದನ್ನು ಮನದಲ್ಲಿಟ್ಟುಕೊಂಡು ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ 4ನೇ ಅಧ್ಯಾಯಕ್ಕೆ ಬನ್ನಿ. ಅಲ್ಲಿ ಕೆಲವೇ ವಾಕ್ಯಗಳ ಅಂತರದಲ್ಲಿ ನೋವು ಕೊಟ್ಟ ಮೂರು ಬಗೆಯ ಜನ ಬರುತ್ತಾರೆ. ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತನು ಎನ್ನುತ್ತಾನೆ. ಹಳೆಯ ಮುರುಕು ಕೂಡಿಕೊಂಡಿದೆ. ಕಂಚುಗಾರ ಅಲೆಕ್ಸಾಂದರನು ನನಗೆ ಬಹಳ ಕೇಡು ಮಾಡಿದನು, ತಕ್ಕ ಪ್ರತಿಫಲವನ್ನು ಕರ್ತನು ಕೊಡುವನು, ನೀನೂ ಅವನ ವಿಷಯದಲ್ಲಿ ಎಚ್ಚರವಾಗಿರು ಎನ್ನುತ್ತಾನೆ. ಇಲ್ಲಿ ಸಂಬಂಧ ಕೂಡಿಲ್ಲ, ಕೂಡಿದಂತೆ ನಟನೆಯೂ ಇಲ್ಲ. ನ್ಯಾಯವಿಚಾರಣೆಯ ದಿನ ಎಲ್ಲರೂ ನನ್ನನ್ನು ಬಿಟ್ಟುಹೋದರು, ಅದು ಅವರ ಲೆಕ್ಕಕ್ಕೆ ಸೇರದಿರಲಿ ಎನ್ನುತ್ತಾನೆ. ಅಲ್ಲಿರುವುದು ಮತ್ತೆ ಅದೇ "ಲೊಗಿಜೊಮಾಯ್". ಒಂದೇ ಮನಸ್ಸು, ಒಂದೇ ಪತ್ರ, ಮೂರು ಬಗೆಯ ನಡೆ. ಕೃಪೆ ಎಂದರೆ ಎಲ್ಲರಿಗೂ ಒಂದೇ ನಗುಮುಖ ತೋರುವುದು ಎಂದು ತಿಳಿದವರು ಈ ಅಧ್ಯಾಯವನ್ನು ಓದಬೇಕು.

ನಂಬಿಕೆ ಹೆಚ್ಚಿಗೆ ಕೊಟ್ಟದ್ದೇನೆಂದು ಕೇಳಿದಿರಿ. ಮೊದಲನೆಯದಾಗಿ, ತೀರ್ಪನ್ನು ಒಪ್ಪಿಸಲು ಒಬ್ಬನನ್ನು ಕೊಟ್ಟಿತು. ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ನೀವೇ ಸೇಡು ತೀರಿಸಬೇಡಿರಿ, ಅದನ್ನು ದೇವರಿಗೆ ಬಿಡಿರಿ ಎಂದಿರುವುದು ಅದೇ. ಲೆಕ್ಕ ಚುಕ್ತವಾಗಲೇಬೇಕೆಂಬ ನಮ್ಮೊಳಗಿನ ಒತ್ತಾಯವನ್ನು ಅದು ಸುಳ್ಳೆನ್ನುವುದಿಲ್ಲ. ಪುಸ್ತಕವನ್ನು ನಮ್ಮ ಕೈಯಿಂದ ತೆಗೆದುಕೊಳ್ಳುತ್ತದೆ. ಮತ್ತೆ, ನಾವು ಆರಿಸಿಕೊಳ್ಳದ ಜನರ ನಡುವೆ ನಮ್ಮನ್ನು ಕೂರಿಸಿತು. ಹನ್ನೆರಡು ಶಿಷ್ಯರಲ್ಲಿ ಅಧಿಕಾರಿಗಳಿಗಾಗಿ ಸುಂಕ ವಸೂಲು ಮಾಡುತ್ತಿದ್ದ ಮತ್ತಾಯನೂ ಇದ್ದ, ಮತಾಭಿಮಾನಿ ಎನಿಸಿಕೊಂಡ ಸೀಮೋನನೂ ಇದ್ದ. ಅವರಿಬ್ಬರು ತಾವಾಗಿ ಒಂದೇ ಪಂಕ್ತಿಯಲ್ಲಿ ಕೂರುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ. ಮುಖ ನೋಡದ ನಿಮ್ಮ ಆ ಇಬ್ಬರು ಪರಿಚಿತರ ವಿಷಯದಲ್ಲಿ ನನ್ನ ಬಳಿ ಸಮರ್ಥನೆಯಿಲ್ಲ. ಫಿಲಿಪ್ಪಿಯ ಸಭೆಯಲ್ಲಿ ಯುವೊದ್ಯ ಮತ್ತು ಸಂತುಕೆ ಎಂಬ ಇಬ್ಬರು ಸ್ತ್ರೀಯರೂ ಹಾಗೆಯೇ ಇದ್ದರು. ಎಲ್ಲರೆದುರು ಓದಬೇಕಾದ ಪತ್ರದಲ್ಲಿ ಪೌಲ ಅವರ ಹೆಸರೆತ್ತಿ ಬೇಡಿಕೊಂಡ. ಜಗಳವನ್ನಷ್ಟೇ ಹೇಳದೆ, ಸುವಾರ್ತೆಗಾಗಿ ತನ್ನೊಂದಿಗೆ ಅವರು ಪಟ್ಟ ಪ್ರಯಾಸವನ್ನೂ ಅದೇ ಉಸಿರಿನಲ್ಲಿ ಹೇಳಿದ.

ಆಪ್ತಸಮಾಲೋಚಕಿ

ಪಾಸ್ಟರ್ ಅವರು ಅಲೆಕ್ಸಾಂದರನ ಹೆಸರೆತ್ತಿದ್ದು ನನಗೆ ನೆಮ್ಮದಿ ತಂದಿತು, ಏಕೆಂದರೆ ನಾನು ಬರೆಯಬೇಕೆಂದಿದ್ದ ಎಚ್ಚರಿಕೆಗೆ ಅದು ದಾರಿ ಮಾಡಿಕೊಟ್ಟಿತು. ಏಗಲು ಕಷ್ಟವಾದವರು ಬೇರೆ, ಅಪಾಯಕಾರಿಗಳಾದವರು ಬೇರೆ. ಹಾಡಿನ ಅಭ್ಯಾಸದಲ್ಲಿ ಗದರುವ ಹಿರಿಯರಿಗೂ, ಹೆಂಡತಿಯ ಮೇಲೆ ಕೈಮಾಡುವ ಗಂಡನಿಗೂ, ಮಕ್ಕಳನ್ನು ದುರುಪಯೋಗಪಡಿಸಿಕೊಳ್ಳುವವನಿಗೂ ಒಂದೇ ಸಲಹೆ ಕೊಡುವುದು ಕ್ರೂರತನ. ನನ್ನ ಬಳಿ ಬಂದ ಕೆಲವರಿಗೆ "ಕ್ಷಮಿಸಿ ಮನೆಗೆ ಹೋಗು, ನಿನ್ನ ದೀರ್ಘಶಾಂತಿಯಿಂದಲೇ ಅವನು ಬದಲಾಗುತ್ತಾನೆ" ಎಂದು ಭಕ್ತಿಯುಳ್ಳ ಹಿರಿಯರೇ ಹೇಳಿ ಕಳಿಸಿದ್ದರು. ಆ ಮಾತಿನ ಪರಿಣಾಮವನ್ನು ನಾನು ಕಣ್ಣಾರೆ ಕಂಡಿದ್ದೇನೆ, ವಿವರ ಬೇಡ.

ಯೇಸುವೇ ಎಲ್ಲರ ಕೈಗೂ ತನ್ನನ್ನು ಒಪ್ಪಿಸಿಕೊಳ್ಳಲಿಲ್ಲ. ಯೋಹಾನನ ಸುವಾರ್ತೆಯ 2ನೇ ಅಧ್ಯಾಯದ ಕೊನೆಯಲ್ಲಿ, ಮನುಷ್ಯರ ಒಳಗು ಅವನಿಗೆ ತಿಳಿದಿದ್ದ ಕಾರಣ ಅವರಿಗೆ ತನ್ನನ್ನು ಒಪ್ಪಿಸಲಿಲ್ಲವೆಂದು ಬರೆದಿದೆ. ಪೌಲನು ದಮಸ್ಕದಲ್ಲಿ ಕೊಲ್ಲಲು ಕಾದಿದ್ದವರ ಕೈಗೆ ಸಿಗದೆ ಗೋಡೆಯಿಂದ ಬುಟ್ಟಿಯಲ್ಲಿ ಇಳಿದು ತಪ್ಪಿಸಿಕೊಂಡ. ಯೆರೂಸಲೇಮಿನಲ್ಲಿ ಕೊರಡೆಯಿಂದ ಹೊಡೆಯಲು ಕಟ್ಟಿದಾಗ ರೋಮ್ ಪೌರತ್ವದ ಹಕ್ಕನ್ನು ಕೇಳಿ ಪೆಟ್ಟನ್ನು ತಪ್ಪಿಸಿಕೊಂಡ. ತಪ್ಪಿಸಿಕೊಳ್ಳುವುದೂ ಕಾನೂನಿನ ರಕ್ಷಣೆ ಬೇಡುವುದೂ ನಂಬಿಕೆಯ ಕೊರತೆಯೆಂದು ಯಾರಾದರೂ ಹೇಳಿದರೆ, ಅವರಿಗೆ ಆ ಬುಟ್ಟಿಯನ್ನು ನೆನಪಿಸಿ.

ಕ್ಷಮೆ ಒಬ್ಬರಿಂದಲೇ ಆಗಬಹುದಾದದ್ದು. ಸಮಾಧಾನಕ್ಕೆ ಇಬ್ಬರು ಬೇಕು, ಅದಕ್ಕಾಗಿಯೇ "ಸಾಧ್ಯವಾದರೆ, ನಿಮ್ಮಿಂದಾಗುವಷ್ಟು ಮಟ್ಟಿಗೆ" ಎಂಬ ಷರತ್ತನ್ನು ಪೌಲನು ರೋಮಾಪುರದವರಿಗೆ ಬರೆಯುವಾಗ ಸೇರಿಸಿದ. ಭರವಸೆಯಂತೂ ಕಾಲಕ್ರಮದಲ್ಲಿ, ನಡತೆಯನ್ನು ನೋಡಿ ಮರಳಿ ಹುಟ್ಟಬೇಕಾದದ್ದು. ಅದನ್ನು ಸಾಲ ಕೊಡುವಂತಿಲ್ಲ. 1999ರಲ್ಲಿ ಒಡಿಶಾದಲ್ಲಿ ಗಂಡ ಗ್ರಹಾಂ ಸ್ಟೇನ್ಸ್ ಅವರನ್ನೂ ಇಬ್ಬರು ಗಂಡುಮಕ್ಕಳನ್ನೂ ಸುಟ್ಟು ಕೊಂದವರನ್ನು ಕ್ಷಮಿಸಿದ್ದೇನೆಂದು ಗ್ಲಾಡಿಸ್ ಸ್ಟೇನ್ಸ್ ಬಹಿರಂಗವಾಗಿ ಹೇಳಿ, ಕುಷ್ಠರೋಗಿಗಳ ಸೇವೆಯನ್ನು ಅಲ್ಲಿಯೇ ಮುಂದುವರಿಸಿದರು. ನ್ಯಾಯಾಲಯವು ತನ್ನ ಕೆಲಸವನ್ನು ತಾನು ಮಾಡಿತು. ಅವರ ಕ್ಷಮೆಗೆ ಅದರಿಂದ ಯಾವ ಕುಂದೂ ಬರಲಿಲ್ಲ.

ಗಾಯನವೃಂದದ ಸದಸ್ಯೆ

ಎಲ್ಲರಿಗೂ ಕೃತಜ್ಞತೆಗಳು. ಸಮಾಲೋಚಕಿಯವರ ವಿಂಗಡಣೆ ಅಗತ್ಯವಾಗಿತ್ತು. ನನ್ನದು ಅಪಾಯದ ಪ್ರಶ್ನೆಯಲ್ಲ, ಕೇವಲ ಮುಳ್ಳಿನ ಪ್ರಶ್ನೆ ಎಂದು ಸ್ಪಷ್ಟಪಡಿಸುತ್ತೇನೆ. ಒಂದು ವಿಚಿತ್ರವನ್ನೂ ಒಪ್ಪಿಕೊಳ್ಳಬೇಕು. ಮಕ್ಕಳನ್ನು ಕೊಂದವರನ್ನು ಕ್ಷಮಿಸಿದ ತಾಯಿಯ ಮಾತು ಓದಿ ನನ್ನ ಕಣ್ಣು ತುಂಬಿತು. ಮರುಕ್ಷಣವೇ ಆ ಹಿರಿಯರ ನೆನಪಾಗಿ ಹಲ್ಲು ಕಚ್ಚಿದೆ. ದೊಡ್ಡ ಕ್ಷಮೆಯ ಕಥೆಗಳು ನನ್ನ ಮನಸ್ಸನ್ನು ಕರಗಿಸುತ್ತವೆ, ಆದರೆ ವಾರವಾರವೂ ಬರುವ ಸಣ್ಣ ಕಿರಿಕಿರಿಗೆ ಅವು ಮದ್ದಾಗುತ್ತಿಲ್ಲ. ದೊಡ್ಡದು ಒಮ್ಮೆ ನಡೆದು ನಿಲ್ಲುತ್ತದೆ. ಇದು ನಿಲ್ಲುವುದೇ ಇಲ್ಲ.

ಧರ್ಮಭಗಿನಿ

ಮೂವತ್ತು ವರ್ಷಗಳಿಂದ ಕಾನ್ವೆಂಟಿನಲ್ಲಿ ಇತರ ಸಹೋದರಿಯರೊಡನೆ ಬಾಳುತ್ತಿರುವ ನನಗೆ ನಿಮ್ಮ ಕೊನೆಯ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಈ ಸಣ್ಣ ಕಿರಿಕಿರಿಗಳ ವಿಷಯದಲ್ಲಿ ನನಗೆ ಗುರುವಾದವರು ಲಿಸ್ಯೂವಿನ ಸಂತ ತೆರೇಸಾ. 1888ರಲ್ಲಿ 15ನೆಯ ವಯಸ್ಸಿಗೆ ಕಾರ್ಮೆಲ್ ಮಠ ಸೇರಿ, 1897ರಲ್ಲಿ 24ನೆಯ ವಯಸ್ಸಿಗೆ ತೀರಿಕೊಂಡವರು. ಹೊರಗೆ ಹೋಗುವಂತಿಲ್ಲದ ಮಠ. ಬೆಳಗಿನಿಂದ ರಾತ್ರಿಯವರೆಗೆ ಅವೇ ಮುಖಗಳು. ಪ್ರಾರ್ಥನೆಯ ಹೊತ್ತಿನಲ್ಲಿ ಒಬ್ಬ ಸಹೋದರಿ ಹಿಂದೆ ಕುಳಿತು ಮಾಡುತ್ತಿದ್ದ ಸಣ್ಣ ಸದ್ದಿನಿಂದ ತಾನು ಬೆವತುಹೋಗುತ್ತಿದ್ದೆನೆಂದೂ, ಬಟ್ಟೆ ಒಗೆಯುವಾಗ ಇನ್ನೊಬ್ಬರು ಕೊಳೆ ನೀರನ್ನು ತನ್ನ ಮುಖಕ್ಕೆ ಎರಚುತ್ತಿದ್ದರೆಂದೂ ಅವರು ಬರೆದಿದ್ದಾರೆ. ಸಂತರ ಬರಹದಲ್ಲಿ ಇಂಥ ಸಂಗತಿಗಳನ್ನು ಓದಿದಾಗ ನನಗೆ ನಗುವೂ ಬಂತು, ಧೈರ್ಯವೂ ಬಂತು.

ಎಲ್ಲದರಲ್ಲೂ ತನಗೆ ಹಿಡಿಸದ ಒಬ್ಬ ಸಹೋದರಿಯಿದ್ದರಂತೆ. ತೆರೇಸಾ ಅವರು ಆ ಸಹೋದರಿ ಎದುರಾದಾಗಲೆಲ್ಲ ಅವರಿಗಾಗಿ ಪ್ರಾರ್ಥಿಸಿ, ಸಾಧ್ಯವಾದ ಸಹಾಯ ಮಾಡಿ, ಕಟುವಾಗಿ ಉತ್ತರಿಸಬೇಕೆನಿಸಿದಾಗ ಮುಗುಳ್ನಕ್ಕು ಮಾತು ಬದಲಿಸುತ್ತಿದ್ದರು. ನನ್ನಲ್ಲಿ ನಿಮ್ಮನ್ನು ಅಷ್ಟು ಸೆಳೆಯುವುದೇನೆಂದು ಆ ಸಹೋದರಿಯೇ ಒಂದು ದಿನ ಕೇಳಿದರಂತೆ. ಉಪದೇಶಗಳಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ನನಗೆ ಬೇಕಾದದ್ದು ಅವರ ಇನ್ನೊಂದು ಒಪ್ಪಿಗೆ: ಒಳಗಿನ ಹೋರಾಟ ಮಿತಿಮೀರಿದಾಗ ತಾನು ಯುದ್ಧಭೂಮಿಯಿಂದ ಪಲಾಯನ ಮಾಡುವ ಸೈನಿಕನಂತೆ ಓಡಿಹೋಗುತ್ತಿದ್ದೆ ಎಂದೂ ಅವರು ಬರೆದಿದ್ದಾರೆ. ಸೋಲುವ ಮೊದಲು ಕೋಣೆ ಬಿಟ್ಟು ಹೊರಟುಬಿಡುವುದು. ಎಷ್ಟೋ ಸಲ ನನ್ನಿಂದ ಆದ ಕೃಪೆ ಅಷ್ಟೇ. ಬಾಗಿಲು ಮುಚ್ಚುವಾಗ ಸದ್ದು ಮಾಡದಿದ್ದರೆ ಆ ದಿನವನ್ನು ಗೆಲುವೆಂದೇ ತಿಳಿಯುತ್ತೇನೆ.

ಒಬ್ಬ ಮುಳ್ಳುಮನುಷ್ಯ

ಇಷ್ಟು ಹೊತ್ತು ನೀವೆಲ್ಲರೂ ಯಾರ ಕುರಿತು ಬರೆಯುತ್ತಿದ್ದೀರೋ ಆ ಬಗೆಯ ಮನುಷ್ಯ ನಾನು. ಸಹೋದರಿಯವರ ಗಾಯನವೃಂದದವನಲ್ಲ, ಆದರೆ ಆ ಹಿರಿಯರ ಪರಿಚಯ ನನಗೆ ಕನ್ನಡಿಯಲ್ಲಿ ಆಗಿದೆ. ಆದ್ದರಿಂದ ಆಚೆ ದಡದಿಂದ ಎರಡು ಮಾತು ಬರೆಯಲು ಅನುಮತಿ ಕೊಡಿ.

ಮೊದಲನೆಯ ಮಾತು, ನನ್ನ ಹಿಂದೆ ಯಾವ ದುಃಖದ ಕಥೆಯೂ ಇಲ್ಲ. ಒಳ್ಳೆಯ ಮನೆಯಲ್ಲಿ ಬೆಳೆದೆ. ತಪ್ಪು ಹುಡುಕುವುದು ನನ್ನ ಉದ್ಯೋಗದಲ್ಲಿ ಮೆಚ್ಚುಗೆ ತಂದ ಗುಣವಾಗಿತ್ತು. ಅದನ್ನೇ ಮನೆಗೂ ಸಭೆಗೂ ತಂದೆ. ನಾನು ಸರಿಯಿರುತ್ತಿದ್ದೆ, ಬಹುಮಟ್ಟಿಗೆ ಯಾವಾಗಲೂ ಸರಿಯಿರುತ್ತಿದ್ದೆ, ಆ ಅಭಿಮಾನವೇ ಕಾರಣ. "ಪಾಪ, ಅವರಿಗೇನು ನೋವಿದೆಯೋ" ಎಂಬ ಕನಿಕರದ ನೋಟವನ್ನು ನಾನು ಎಷ್ಟೋ ಮುಖಗಳಲ್ಲಿ ಓದಿದ್ದೇನೆ. ಆ ನೋಟ ನನ್ನನ್ನು ತಿದ್ದಲಿಲ್ಲ. ಇವರು ನನ್ನ ಮಾತಿಗೆ ಉತ್ತರ ಕೊಡಲಾರದೆ ನನ್ನನ್ನು ರೋಗಿಯನ್ನಾಗಿ ಮಾಡುತ್ತಿದ್ದಾರೆ ಎಂದು ಇನ್ನಷ್ಟು ಸಿಡುಕುವಂತೆ ಮಾಡಿತು. ಇದೇ ಕಾರಣಕ್ಕೆ ಧರ್ಮಭಗಿನಿಯವರು ಹೇಳಿದ ಆ ಮುಗುಳ್ನಗೆಯ ವಿಷಯದಲ್ಲಿಯೂ ನನಗೆ ಅರೆಮನಸ್ಸು. ಸಂತರ ಮನಸ್ಸು ಶುದ್ಧವಾಗಿತ್ತೆಂದು ನಂಬುತ್ತೇನೆ. ಆದರೆ ನನ್ನ ಸುತ್ತಲಿದ್ದವರ ಮುಗುಳ್ನಗೆಯ ಹಿಂದೆ, ಇವನಿಗೆ ಹೇಳಿ ಪ್ರಯೋಜನವಿಲ್ಲ ಎಂಬ ತೀರ್ಮಾನವಿರುತ್ತಿತ್ತು. ಅದು ಕೃಪೆಯ ಬಟ್ಟೆ ತೊಟ್ಟ ತಿರಸ್ಕಾರ.

ಎರಡನೆಯದು, ನನ್ನಲ್ಲಿ ಏನಾದರೂ ಬದಲಾಗಿದ್ದರೆ ಅದಕ್ಕೆ ಕಾರಣ ಒಬ್ಬ ಹಿರಿಯ ವಿಶ್ವಾಸಿ. ಒಂದು ಭಾನುವಾರ ನಾನು ವೇದಪಾಠ ಓದಿದ ಹುಡುಗಿಯೊಬ್ಬಳನ್ನು ಎಲ್ಲರೆದುರು ತಿದ್ದಿದ್ದೆ. ಎಲ್ಲರೂ ಹೋದ ಮೇಲೆ ಅವರು ನನ್ನನ್ನು ಪಕ್ಕಕ್ಕೆ ಕರೆದು, "ನೀನು ಹೇಳಿದ್ದು ಸರಿ. ನೀನು ಹೇಳಿದ ರೀತಿಗೆ ಆ ಮಗು ಹಿಂದಿನ ಕೋಣೆಯಲ್ಲಿ ಅತ್ತಿತು. ನೀನು ಹೋಗಿ ಅವಳನ್ನು ಮಾತಾಡಿಸಬೇಕು" ಎಂದರು. ಹೆಚ್ಚು ಏನೂ ಹೇಳಲಿಲ್ಲ. ನಾನು ಸಿಟ್ಟಿನಿಂದ ಮನೆಗೆ ಬಂದೆ. ಮುಂದಿನ ವಾರ ಅವರು ಏನೂ ನಡೆದಿಲ್ಲವೆಂಬಂತೆ ನನ್ನ ಬಳಿ ಬಂದು ಕುಳಿತರು, ಆ ಹುಡುಗಿಯ ವಿಷಯ ಮತ್ತೆ ಎತ್ತಲಿಲ್ಲ, ಹೋದೆಯಾ ಎಂದು ಕೇಳಲಿಲ್ಲ. ನಾನು ಹೋಗಿದ್ದು ಮೂರನೆಯ ವಾರ. ಸತ್ಯವನ್ನು ಮುಖಕ್ಕೆ ಹೇಳಿಯೂ ಅದನ್ನು ನನ್ನ ಖಾತೆಯಲ್ಲಿ ಬರೆದಿಟ್ಟುಕೊಳ್ಳದ ಮನುಷ್ಯನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬೇರೆಯವರೆಲ್ಲ ಅದರ ತಿರುಗುಮುರುಗು ಮಾಡುತ್ತಿದ್ದರು. ಮುಖಕ್ಕೆ ಹೇಳುತ್ತಿರಲಿಲ್ಲ, ಬರೆದಿಟ್ಟುಕೊಳ್ಳುತ್ತಿದ್ದರು.

ಮತ್ತಾಯನ 18ನೇ ಅಧ್ಯಾಯವನ್ನು ಲೆಕ್ಕಪರಿಶೋಧಕರು ಪೇತ್ರನ ಪ್ರಶ್ನೆಯಿಂದ ಆರಂಭಿಸಿದರು. ಕೆಲವು ವಾಕ್ಯ ಹಿಂದೆ ಹೋಗಿ. ನಿನ್ನ ಸಹೋದರನು ತಪ್ಪು ಮಾಡಿದರೆ ಹೋಗಿ, ನೀನೂ ಅವನೂ ಇಬ್ಬರೇ ಇರುವಾಗ ಅವನ ತಪ್ಪನ್ನು ತಿಳಿಸು ಎಂದು ಅಲ್ಲಿದೆ. ಕ್ಷಮಿಸುವುದಕ್ಕೆ ಮೊದಲು ಬರುವ ಆ ಪ್ರಯಾಣವನ್ನು ನನ್ನ ಸಲುವಾಗಿ ಕೈಗೊಂಡವರು ಅವರೊಬ್ಬರೇ.

ನಿವೃತ್ತ ಲೆಕ್ಕಪರಿಶೋಧಕ

ಅಣ್ಣ, ನಿಮ್ಮ ಬರಹವನ್ನು ಎರಡು ಬಾರಿ ಓದಿದೆ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಸ್ಕೇಟಿಸ್ ಮರುಭೂಮಿಯಲ್ಲಿದ್ದ ಅಬ್ಬಾ ಮೋಶೆ ಎಂಬ ಸನ್ಯಾಸಿಯ ಕಥೆ ನೆನಪಾಯಿತು. ತಪ್ಪು ಮಾಡಿದ ಸಹೋದರನೊಬ್ಬನ ವಿಚಾರಣೆಗೆ ಅವರನ್ನು ಕರೆದಾಗ, ಅವರು ಸೋರುವ ಕೊಡವೊಂದರಲ್ಲಿ ನೀರು ತುಂಬಿಕೊಂಡು ಬಂದರಂತೆ. ಇದೇನೆಂದು ಕೇಳಿದವರಿಗೆ, ನನ್ನ ಪಾಪಗಳು ನನ್ನ ಬೆನ್ನ ಹಿಂದೆ ಸೋರುತ್ತಿವೆ, ನನಗೆ ಕಾಣುವುದಿಲ್ಲ, ಆದರೂ ಇನ್ನೊಬ್ಬನ ತೀರ್ಪಿಗೆ ಬಂದಿದ್ದೇನೆ ಎಂಬ ಅರ್ಥದ ಉತ್ತರ ಕೊಟ್ಟರು. ನನ್ನ ಹಿಂದೆ ನೆಲ ಎಷ್ಟು ಒದ್ದೆಯಾಗಿದೆಯೆಂದು ಹೇಳಬಲ್ಲವರು ನನ್ನ ಹೆಂಡತಿ ಮತ್ತು ಮಕ್ಕಳು. ಸದ್ಯ, ಅವರು ಇಲ್ಲಿ ಬರೆಯುವುದಿಲ್ಲ.

ನಂಬದ ಓದುಗ

ನನ್ನ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿತೆಂದು ಹೇಳಲಾರೆ. ಪುಸ್ತಕವನ್ನು ಒಪ್ಪಿಸಲು ಯಾರೂ ಇಲ್ಲದವನಿಗೆ ಅದನ್ನು ಸುಮ್ಮನೆ ಕೆಳಗಿಡುವ ದಾರಿಯೊಂದೇ ಉಳಿಯುತ್ತದೆ, ಅದು ಹೆಚ್ಚು ಕಷ್ಟವೇ ಇರಬಹುದು ಎಂದಷ್ಟೇ ಒಪ್ಪುತ್ತೇನೆ. ಮುಳ್ಳುಮನುಷ್ಯರ ಬರಹವನ್ನು ಮಾತ್ರ ನನ್ನ ತಾಯಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ನಾನು ಅತ್ತೆಗೆ ಒಂದು ದಿನವೂ ಮುಖ ಕೊಟ್ಟು ಹೇಳಲಿಲ್ಲ" ಎಂದರು.

ಗಾಯನವೃಂದದ ಸದಸ್ಯೆ

ನಡೆದದ್ದನ್ನು ತಿಳಿಸುವುದು ನನ್ನ ಕರ್ತವ್ಯ. ಕಳೆದ ಅಭ್ಯಾಸದ ನಂತರ ನಾನು ಆ ಹಿರಿಯರನ್ನು ಕಂಡು ಮಾತಾಡಿದೆ. ಮನೆಯಲ್ಲಿ ಬಹಳ ಸಿದ್ಧತೆ ಮಾಡಿದ್ದೆ. ಎರಡು ವರ್ಷಗಳ ಪಟ್ಟಿಯಿಂದ ಒಂದೇ ಒಂದು ಸಂಗತಿಯನ್ನು ಎತ್ತಬೇಕು, ಉಳಿದದ್ದನ್ನು ಬಾಯಿಗೆ ತರಬಾರದು ಎಂದು ತೀರ್ಮಾನಿಸಿದ್ದೆ. ಎಲ್ಲರೆದುರು ಅವರಾಡಿದ ಆ ಹಳೆಯ ಮಾತನ್ನು ಹೇಳಿ, ಅದರಿಂದ ನನಗೆ ನೋವಾಯಿತೆಂದೂ, ಆ ನೋವನ್ನು ಅವರಿಗೆ ತಿಳಿಸದೆ ಇಷ್ಟು ಕಾಲ ಒಳಗೇ ಬಡ್ಡಿ ಸೇರಿಸುತ್ತ ಬಂದದ್ದು ನನ್ನ ತಪ್ಪೆಂದೂ ಹೇಳಿದೆ.

ಅವರು ಸ್ವಲ್ಪ ಹೊತ್ತು ಯೋಚಿಸಿ, "ನನಗೆ ಅದು ನೆನಪೇ ಇಲ್ಲ" ಎಂದರು. ನಟನೆಯಲ್ಲ, ನಿಜವಾಗಿಯೂ ನೆನಪಿರಲಿಲ್ಲ. ಅದು ಅವರ ಮುಖದಲ್ಲೇ ಕಾಣುತ್ತಿತ್ತು. ಒಂದು ಕ್ಷಣ ನನಗೆ ಬಂದ ಸಿಟ್ಟನ್ನು ಇಲ್ಲಿ ಬಣ್ಣಿಸಲಾರೆ. ನನ್ನ ನೂರು ದಿನಾರಿಯ ಸಾಲಪತ್ರದಲ್ಲಿ ಸಾಲಗಾರನ ಸಹಿಯೇ ಇರಲಿಲ್ಲವೆಂಬಂತಾಯಿತು. ಆಮೇಲೆ ಅವರು, "ಹಾಗೆ ಅಂದಿದ್ದರೆ ಅದು ತಪ್ಪು" ಎಂದು ನೆಲ ನೋಡಿಕೊಂಡು ಹೇಳಿದರು. ಕ್ಷಮಿಸಿ ಎಂಬ ಪದ ಅವರ ಬಾಯಿಂದ ಬರಲಿಲ್ಲ. ಬರಲೆಂದು ನಾನು ಕಾದು ನಿಂತಿದ್ದೆ ಎಂಬುದನ್ನೂ, ಬರದಿದ್ದುದನ್ನು ಆಗಲೇ ಒಳಗೆ ಬರೆದುಕೊಳ್ಳಲು ಹೊರಟಿದ್ದೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಅವರ ಪಕ್ಕದ ಕುರ್ಚಿ ಬಹಳ ದಿನಗಳಿಂದ ಖಾಲಿಯೇ ಇರುತ್ತದೆ. ಹೊರಡುವ ಮುನ್ನ, ಮುಂದಿನ ಅಭ್ಯಾಸಕ್ಕೆ ನಾನು ಅಲ್ಲಿ ಕೂರಬಹುದೇ ಎಂದು ಕೇಳಿದೆ. ನನ್ನ ದನಿ ಆ ಸಾಲಿಗೆ ಹೊಂದುವುದಿಲ್ಲ, ಆದರೂ ಬೇಕಿದ್ದರೆ ಕೂರಬಹುದು ಎಂದರು.